ಅರ್ಧ ಇಂಚಿನ ಊರಿನಲ್ಲಿ ಒಂದಿಂಚಿನ ಪೈಪು

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಅವರ ನಲ್ಲಿಯ ಪೈಪನ್ನು. ಮನೆಯವರು ಚಹಾ ತರಲು ಒಳಗೆ ಹೋದರೆಂದರೆ ನಾನು ಎದ್ದು, ಪೈಪು ಗೋಡೆಯಗುಂಟ ಎಷ್ಟು ಕಡೆ ತಿರುಗಿದೆ ಎಂದು ಎಣಿಸಿ, ಮತ್ತೆ ಬಂದು ಸಭ್ಯನಂತೆ ಕೂತುಬಿಡುತ್ತೇನೆ. ಹೋದ ವರ್ಷ ತಮ್ಮನ ಮಗನಿಗೆ ಹೆಣ್ಣು ನೋಡಲು ಧಾರವಾಡಕ್ಕೆ ಹೋಗಿದ್ದೆ. ತಿರುಗಿ ಬಂದ ಮೇಲೆ ಹುಡುಗಿ ಹೇಗಿದ್ದಾಳೆ ಎಂದು ತಮ್ಮ ಕೇಳಿದರೆ, “ಅವರ ಮನ್ಯಾಗ ಒಂಬತ್ತು ತಿರುವು, ಎಲ್ಲಾ ಅರ್ಧ ಇಂಚು” ಎಂದೆ. ಆ ಮದುವೆ ನನ್ನ ಅಭಿಪ್ರಾಯಕ್ಕೆ ಕಾಯದೆ ಸಾಂಗವಾಗಿ ನೆರವೇರಿತು.

ಈ ಚಟ ಹತ್ತಿಸಿದ್ದು ಹನ್ನೆರಡು ಮೀನು.

ನಾನು ಮೂವತ್ತೊಂದು ವರ್ಷ ರೈಲಿನ ಗಾರ್ಡನಾಗಿದ್ದವನು. ಗಾಡಿ ಎಲ್ಲಿ ಎಷ್ಟು ನಿಮಿಷ ಕಳೆದುಕೊಂಡಿತು ಎಂದು ನಿಲ್ದಾಣ ನಿಲ್ದಾಣಕ್ಕೂ ಬರೆಯುವುದು ಗಾರ್ಡನ ಕೆಲಸ. ಆ ಪುಸ್ತಕದಲ್ಲಿ ‘ಕಾರಣ’ ಎಂಬ ಒಂದು ಕಾಲಂ ಇರುತ್ತದೆ. ಅದನ್ನು ಖಾಲಿ ಬಿಡುವಂತಿಲ್ಲ. ನಿವೃತ್ತನಾಗಿ ಐದು ವರ್ಷವಾದರೂ ನಾನು ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ಗಡಿಯಾರಕ್ಕೆ ಕೀಲಿ ಕೊಡುತ್ತೇನೆ, ಹನ್ನೊಂದಕ್ಕೆ ಊಟಕ್ಕೆ ಕೂಡುತ್ತೇನೆ. ಹನ್ನೊಂದು ದಾಟಿ ಮೂರು ನಿಮಿಷವಾದರೂ ತಾಟು ಬರದಿದ್ದರೆ ನನ್ನ ಹುಬ್ಬು ತಾನಾಗಿ ಮೇಲೇರುತ್ತದೆ. ಆಗ ಅಡುಗೆಮನೆಯಿಂದ ನನ್ನ ಹೆಂಡತಿ ಶಾಂತವ್ವನ ದನಿ ಬರುತ್ತದೆ: “ಗಾಡಿ ಸಿಗ್ನಲ್ಲಿಗೆ ನಿಂತೈತ್ರಿ. ಕಾರಣ ಬರಕೋರಿ: ರೊಟ್ಟಿ ಇನ್ನೂ ಬೇಯಾಕತ್ತಾವ.”

ಮೀನುಗಳು ಡಿಸೋಜಾನವು. ಅವನು ಡ್ರೈವರು. ಹದಿನಾಲ್ಕು ವರ್ಷ ಅವನು ಗಾಡಿಯ ಆ ತುದಿಗೆ, ನಾನು ಈ ತುದಿಗೆ. ನಡುವೆ ಅಷ್ಟು ಡಬ್ಬಿಗಳಿದ್ದುದರಿಂದಲೇ ಸ್ನೇಹ ಕೆಡಲಿಲ್ಲವೆಂದು ತೋರುತ್ತದೆ. ಅವನು ನಿವೃತ್ತನಾಗಿ ಗೋವೆಯ ತನ್ನ ಊರಿಗೆ ಹೊರಟಾಗ, ಮೀನಿನ ಪೆಟ್ಟಿಗೆಯನ್ನು ಘಾಟು ಇಳಿಸಿ ಒಯ್ಯುವ ಧೈರ್ಯವಾಗದೆ ನನ್ನ ಪಡಸಾಲೆಗೆ ತಂದಿಟ್ಟ. ಮೂರು ಕಡೆ ಗಾಜು, ಹಿಂದೆ ತಗಡು, ಒಳಗೆ ಬಂಗಾರದ ಬಣ್ಣದ ಹನ್ನೆರಡು ಮೀನು. ಹೋಗುವಾಗ ಹೇಳಿದ: “ಗಾರ್ಡ್, ಇವು ಬದುಕಿದ್ರ ಕಾಗದ ಬರಿ. ಸತ್ರ ಬರೀಬ್ಯಾಡ.”

ನಮ್ಮದು ವಿಭೂತಿ ಹಚ್ಚುವ ಮನೆ. ಪೆಟ್ಟಿಗೆ ಬಂದ ದಿನವೇ ಓಣಿಯ ಏಳು ಮಂದಿ ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಹಿಟ್ಟಿನ ಜರಡಿ ಕೇಳುವ ನೆವದಿಂದ ಪಡಸಾಲೆ ಹಾದು ಹೋದರು. ಕೊನೆಗೆ ಒಬ್ಬ ಮುದುಕಿ ಧೈರ್ಯ ಮಾಡಿದಳು. “ಸಾಕಾಕೇನವಾ ಶಾಂತವ್ವ, ಇಲ್ಲಾ…?” ಶಾಂತವ್ವ ಮುಖ ಕೆಂಪಗೆ ಮಾಡಿಕೊಂಡು, “ನೋಡಾಕ್ರಿ ಆಯಿ, ಬರೇ ನೋಡಾಕ” ಎಂದಳು. ಒಳಗೆ ಬಂದು ನನಗೆ ಮೂರು ಷರತ್ತು ಹಾಕಿದಳು. ಮೀನಿನ ಹೊಲಸು ನೀರು ಸೋಸುವ ಪೀಪಾಯಿ ಹಿತ್ತಲಲ್ಲಿರಬೇಕು. ಆ ನೀರಿನ ಪೈಪು ಅಡುಗೆಮನೆಯಲ್ಲಿ ಹಾಯಬಾರದು. ದೇವರ ಮನೆಯ ಗೋಡೆಗಂತೂ ತಾಕಲೇಬಾರದು.

ಏರ್ಪಾಡು ಸರಳವಾಗಿತ್ತು. ಪೆಟ್ಟಿಗೆಯ ತಗಡಿಗೆ ಮೇಲ್ಗಡೆ ಒಂದು ತೂತು. ಅಲ್ಲಿಂದ ಹೆಚ್ಚಾದ ನೀರು ಮುಕ್ಕಾಲು ಇಂಚಿನ ಪೈಪಿನಲ್ಲಿ ಹಿತ್ತಲಿನ ಪೀಪಾಯಿಗೆ ಇಳಿಯಬೇಕು. ಅಲ್ಲಿ ಮರಳು, ಇದ್ದಲಿನಲ್ಲಿ ಸೋಸಿ ತಿಳಿಯಾಗಬೇಕು. ಒಂದು ಪುಟ್ಟ ಕರೆಂಟಿನ ಪಂಪು ಅದನ್ನು ಮತ್ತೆ ಪೆಟ್ಟಿಗೆಗೆ ಏರಿಸಬೇಕು. ಪಂಪು ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಯಾವುದೋ ಬಂಗಲೆಯ ಕಾರಂಜಿಯದಂತೆ. ಅದರ ಬಾಯಿ ಅರ್ಧ ಇಂಚು. ಆದ್ದರಿಂದ ಪೈಪೂ ಅರ್ಧ ಇಂಚು. ಅಡುಗೆಮನೆ, ದೇವರ ಮನೆ ಎರಡನ್ನೂ ಬಳಸಿಕೊಂಡು, ಇಪ್ಪತ್ತಾರು ಅಡಿ ಉದ್ದ, ಏಳು ಎಲ್ಬೊ. ಎಲ್ಬೊ ಎಂದರೆ ಪೈಪನ್ನು ತಿರುಗಿಸುವ ಮೊಣಕೈಯಂಥ ತುಂಡು.

ಅರ್ಧ ಇಂಚು ಯಾಕೆ ಎಂದು ನಾನೂ ಕೇಳಲಿಲ್ಲ, ನಲ್ಲಿ ಜೋಡಿಸುವ ಮೇಸ್ತ್ರಿ ಮಾಬೂಸಾಬನೂ ಹೇಳಲಿಲ್ಲ. ನಮ್ಮ ಊರಿನಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಮನೆಗೆ ಕೊಡುವ ನಲ್ಲಿ ಅರ್ಧ ಇಂಚಿನದು, ನಮ್ಮಪ್ಪನ ಕಾಲದಲ್ಲೂ ಅಷ್ಟೇ. ಸರಕಾರ ಸೇರನ್ನು ಲೀಟರು ಮಾಡಿತು, ಮೈಲನ್ನು ಕಿಲೋಮೀಟರು ಮಾಡಿತು. ನಲ್ಲಿಯ ಅರ್ಧ ಇಂಚನ್ನು ಮಾತ್ರ ಅಲುಗಿಸಲಾಗಲಿಲ್ಲ. ನೀರು ಎಂಬ ಪದಾರ್ಥವೇ ಅರ್ಧ ಇಂಚು ದಪ್ಪದ್ದು ಎಂದು ನಾವು ನಂಬಿದ್ದೇವೆ. ಮೇಲಾಗಿ ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡದವರು ಯಾರು? ಸಂದಿ ಚಿಕ್ಕದಾದಷ್ಟೂ ನೀರು ದೂರ ಚಿಮ್ಮುತ್ತದೆ. ಅದನ್ನು ನೋಡಿದವನು ಚಿಕ್ಕ ಪೈಪೇ ಒಳ್ಳೆಯದು ಎಂದುಕೊಂಡರೆ ತಪ್ಪೇನು? ತಪ್ಪು ಇಷ್ಟೇ: ಚಿಮ್ಮುವ ನೀರನ್ನು ನಾವು ಕಣ್ಣಿನಿಂದ ಅಳೆಯುತ್ತೇವೆ, ಕೊಡದಿಂದ ಅಳೆಯುವುದಿಲ್ಲ.

ಬೇಸಿಗೆ ಬಂತು. ಪೆಟ್ಟಿಗೆಗೆ ಬೀಳುವ ನೀರು ಬೆಕ್ಕಿನ ಬಾಲದಷ್ಟು ಸಣ್ಣ. ಒಳಗಿನ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಒಂದೇ ವಾರದಲ್ಲಿ ಮೂರು ಸತ್ತವು. ಮೂರನೆಯದನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹುಗಿದು ಬಂದಾಗ ಶಾಂತವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು: “ನನ್ನ ಕಣ್ಣೆದುರಿಗೆ ಇವು ಸಾಯೋದು ನನಗ ನೋಡಾಕ ಆಗೂದಿಲ್ರಿ. ಇನ್ನೊಂದು ಸತ್ರ, ಉಳದವನ್ನ ಉಣಕಲ್ ಕೆರಿಗೆ ಬಿಟ್ಟ ಬಂದಬಿಡ್ರಿ.”

ಉಣಕಲ್ ಕೆರೆಯ ದಂಡೆಗೆ ನಾನು ದಿನಾ ಸಂಜೆ ತಿರುಗಾಡಲು ಹೋಗುತ್ತೇನೆ. ಅಲ್ಲಿನ ಕೊಕ್ಕರೆಗಳನ್ನು ನಾನು ಬಲ್ಲೆ. ಬಂಗಾರದ ಬಣ್ಣದ ಮೀನು ಅವುಗಳ ಮುಂದೆ ಮಧ್ಯಾಹ್ನದವರೆಗೂ ಉಳಿಯಲಾರದು. ಡಿಸೋಜಾನಿಗೆ ಕಾಗದ ಬರೆಯುವ ಭಾಗ್ಯವೂ ನನಗೆ ಉಳಿಯದು.

ಆಗ ನನಗೆ ನನ್ನ ಕೆಲಸ ನೆನಪಾಯಿತು. ಗಾಡಿ ತಡವಾಗಿದೆ. ಎಲ್ಲಿ ತಡವಾಯಿತು ಎಂದು ಬರೆಯಬೇಕಲ್ಲ!

ಮರುದಿನ ಬೆಳಿಗ್ಗೆ ಏಳಕ್ಕೆ ಮಾಬೂಸಾಬನನ್ನು ಕರೆಸಿದೆ. ಒಂದು ಬಕೆಟ್ಟು, ನನ್ನ ಗಡಿಯಾರ, ಒಂದು ನೋಟ್‌ಬುಕ್ಕು. ಪಂಪಿನ ಬಾಯಿಗೇ ಬಕೆಟ್ಟು ಹಿಡಿದರೆ ಹದಿನೆಂಟು ಸೆಕೆಂಡಿಗೆ ತುಂಬಿತು. ಪೈಪಿನ ಕೊನೆಗೆ, ಪಡಸಾಲೆಯಲ್ಲಿ ಹಿಡಿದರೆ ನೂರಾ ಹತ್ತು! ಹಿತ್ತಲಿನಿಂದ ಪಡಸಾಲೆಗೆ ಬರುವಷ್ಟರಲ್ಲಿ ತೊಂಬತ್ತೆರಡು ಸೆಕೆಂಡು ಮಾಯ. ಕೊನೆಯಿಂದ ಒಂದೊಂದೇ ಎಲ್ಬೊ ಬಿಚ್ಚಿಸುತ್ತ, ಪ್ರತಿ ನಿಲ್ದಾಣದಲ್ಲೂ ಬಕೆಟ್ಟು ಹಿಡಿದು ಬರೆದುಕೊಳ್ಳುತ್ತ ಹಿತ್ತಲಿಗೆ ಬಂದೆ. ಏರಿಗೆ ನಾಲ್ಕು ಸೆಕೆಂಡು. ತಿರುವಿಗೆ ಐದರಂತೆ ಏಳು ತಿರುವಿಗೆ ಮೂವತ್ತೈದು. ಉಳಿದದ್ದೆಲ್ಲ, ನಂಬಿದರೆ ನಂಬಿ, ನೆಟ್ಟಗಿದ್ದ ಪೈಪಿನಲ್ಲೇ ಕಳೆದುಹೋಗಿತ್ತು. ಗಾಡಿ ನಿಲ್ಲುವುದರಿಂದ ತಡವಾಗುತ್ತದೆ ಎಂದಷ್ಟೇ ತಿಳಿದಿದ್ದ ನನಗೆ ಇದು ಹೊಸ ಪಾಠ. ಇಲ್ಲಿ ಹಳಿಯೇ ಇಕ್ಕಟ್ಟು. ನೀರು ಉದ್ದಕ್ಕೂ ಗೋಡೆಗೆ ಮೈ ಉಜ್ಜಿಕೊಂಡೇ ಬರಬೇಕು.

ಹುಬ್ಬಳ್ಳಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮದು ಮೀಟರ್ ಗೇಜು, ಇಕ್ಕಟ್ಟಿನ ಹಳಿ. ಅಗಲ ಹಳಿಯ ಬ್ರಾಡ್ ಗೇಜಿನ ಗಾಡಿ ಓಡುವುದನ್ನು ಬೇರೆ ಊರಿನಲ್ಲಿ ನೋಡಿ, ನಿಟ್ಟುಸಿರು ಬಿಟ್ಟು, ಬಂದು ನಮ್ಮ ಗಾಡಿಗೇ ಹಸಿರು ನಿಶಾನೆ ತೋರಿಸಿದವನು ನಾನು. ಬೇಕಾದದ್ದು ಅಗಲ ಎಂದು ತೀರ್ಮಾನಿಸಿದೆ.

ಮಾಬೂಸಾಬ ಕಿವಿ ಮುಟ್ಟಿಕೊಂಡ. “ಪಂಪಿನ ಬಾಯಿ ಅರ್ಧ ಇಂಚ್ ಐತ್ರಿ ಸಾಹೇಬ್ರ. ಅದಕ್ಕ ಒಂದ್ ಇಂಚಿನ ಪೈಪ್ ಹಾಕೋದಂದ್ರ ಕೂಸಿಗೆ ಅಜ್ಜನ ಕೋಟ್ ತೊಡಿಸಿಧಂಗ. ನೀರು ಒಳಗ ಮಕ್ಕೊಂಡ ಬಿಡತೈತ್ರಿ!”

“ಮಕ್ಕೊಂಡ್ರ ಎಬ್ಬಸೋಣು. ಹಚ್ಚಿ ನೋಡು” ಎಂದೆ.

ಬೇರೆ ಕೆಲಸಗಳಿಗೆಂದು ತಂದಿಟ್ಟ ಪೈಪುಗಳು ಅವನ ಬಳಿ ಇದ್ದವು. ಅಷ್ಟೇ ಉದ್ದ, ಅಷ್ಟೇ ತಿರುವು, ಅಷ್ಟೇ ಏರು ಇಟ್ಟು ಹಿತ್ತಲಲ್ಲಿ ಜೋಡಿಸಿದೆವು. ಮುಕ್ಕಾಲು ಇಂಚಿಗೆ ನಲವತ್ತೆಂಟು ಸೆಕೆಂಡು. ಒಂದು ಇಂಚಿಗೆ ಇಪ್ಪತ್ತೇಳು. ಒಂದೂವರೆ ಇಂಚಿಗೆ ಇಪ್ಪತ್ತೈದು. ಮಾಬೂಸಾಬ ಪೈಪಿನೊಳಗೆ ಕಣ್ಣಿಟ್ಟು ನೋಡಿದ, ಯಾರಾದರೂ ಒಳಗೆ ಕೂತು ನೀರು ದೂಡುತ್ತಿದ್ದಾರೇನೋ ಎಂಬಂತೆ. ಎರಡೇ ಸೆಕೆಂಡಿನ ಆಸೆಗೆ ಫಿರಂಗಿಯಂಥ ಪೈಪನ್ನು ಪಡಸಾಲೆಗೆ ತರುವುದು ಬೇಡವೆಂದು ಒಂದಿಂಚಿಗೆ ನಿಂತೆ. ಶಾಂತವ್ವನ ಮೂರು ಷರತ್ತಿಗೆ ಭಂಗ ಬರದಂತೆ, ಏಳು ತಿರುವಿನ ಆ ಸುತ್ತುದಾರಿಯಲ್ಲೇ, ಮಧ್ಯಾಹ್ನದ ಹೊತ್ತಿಗೆ ಪೈಪು ಏರಿತು. ಪಂಪು ಹಚ್ಚಿದೆ. ಪೆಟ್ಟಿಗೆಗೆ ನೀರು ಧೋ ಎಂದು ಬಿತ್ತು. ಮಬ್ಬಾದ ನೀರಿನೊಳಗೆ ಬಿಳಿ ಗುಳ್ಳೆಗಳ ಜಾತ್ರೆ. ಒಂಬತ್ತೂ ಮೀನು ಆ ಧಾರೆಯ ಬುಡಕ್ಕೆ ಧಾವಿಸಿದವು. ನಾನು ಎದೆ ಉಬ್ಬಿಸಿ ನೋಟ್‌ಬುಕ್ಕು ತೆರೆದೆ.

ಅಷ್ಟರಲ್ಲಿ ಬಾಗಿಲಲ್ಲಿ ನಲ್ಲಿ ಇನ್ಸ್‌ಪೆಕ್ಟರು. ಓಣಿಯ ಯಾರೋ ಪುಣ್ಯಾತ್ಮರು ಸುದ್ದಿ ಮುಟ್ಟಿಸಿದ್ದರು. “ಗಾರ್ಡ್ ಸಾಹೇಬ್ರ, ಒಂದ್ ಇಂಚಿನ ಪೈಪ್ ಹಾಕಿಸಿರಂತಲ್ರಿ? ದೊಡ್ಡ ಲೈನಿಗೆ ತೂತ ಹಾಕೀರೋ ಹೆಂಗ?”

ಜೀವಮಾನದಲ್ಲಿ ಒಂದೂ ನಿಯಮ ಮುರಿಯದವನಿಗೆ ಈ ಮಾತು! ಅವರ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದೆ. ಪೀಪಾಯಿ ತೋರಿಸಿದೆ, ಮರಳು ತೋರಿಸಿದೆ, ಇದು ಊರಿನ ನೀರಲ್ಲ, ಒಂದೇ ನೀರು ಹೋಗಿ ಬಂದು ಮಾಡುವ ಷಟಲ್ ಗಾಡಿ ಎಂದು ವಿವರಿಸಿದೆ. ಅವರು ತಲೆದೂಗಿದರು. ಕೇಳುವವರು ಸಿಕ್ಕಾಗ ಮಾತು ನಿಲ್ಲಿಸುವುದು ಕಷ್ಟ. ನಾನು ಮೀಟರ್ ಗೇಜಿಗೆ ಬಂದಿದ್ದೆ. ಒಳಗಿನಿಂದ ಕೂಗು ಬಂತು: “ಏನ್ರೀ! ಲಗೂ ಬರ್ರಿ! ಮನಿ ಕೆರಿ ಆತು!”

ಓಡಿದೆವು. ಪಡಸಾಲೆಯಲ್ಲಿ ಪಾದ ಮುಳುಗುವ ನೀರು. ಪೆಟ್ಟಿಗೆಯ ನಾಲ್ಕೂ ಅಂಚಿನಿಂದ ನೀರು ಸುರಿಯುತ್ತಿತ್ತು. ಬರುವ ದಾರಿಯನ್ನು ಅಗಲ ಮಾಡಿದ ಮಹಾಶಯ, ಹೋಗುವ ದಾರಿಯನ್ನು ಹಳೆಯ ಮುಕ್ಕಾಲು ಇಂಚಿಗೇ ಬಿಟ್ಟಿದ್ದ. ಮಾಬೂಸಾಬ ಪಂಪು ನಿಲ್ಲಿಸಿದ. ನಾನು ಎಣಿಸಿದೆ: ಪೆಟ್ಟಿಗೆಯೊಳಗೆ ಎಂಟೇ ಮೀನು.

ನಾಲ್ಕನೆಯದೂ ಹೋಯಿತು, ಇನ್ನು ಉಣಕಲ್ಲೇ ಗತಿ ಎಂದುಕೊಂಡು ತಿರುಗಿದರೆ, ಶಾಂತವ್ವ ದೇವರ ಮನೆಯ ಹೊಸ್ತಿಲಲ್ಲಿ ಕೂತಿದ್ದಾಳೆ. ಸೀರೆಯ ಅಂಚೆಲ್ಲ ತೊಯ್ದಿದೆ. ಮುಂದೆ ಪೂಜೆಯ ನೀರಿನ ತಾಮ್ರದ ತಂಬಿಗೆ. ಅದರೊಳಗೆ ಒಂಬತ್ತನೆಯ ಮೀನು ಗಿರಗಿರನೆ ಸುತ್ತುತ್ತಿದೆ.

“ನೆಲದ ಮ್ಯಾಲ ಬಿದ್ದ ಒದ್ದಾಡಾಕತ್ತಿತ್ರಿ. ಕೈಗೆ ಸಿಕ್ಕಿದ್ದು ಇದಽ” ಎಂದಳು. ಮೀನು ಹಿಡಿದ ಕೈಯನ್ನು ದೂರ ಚಾಚಿಕೊಂಡೇ ಇದ್ದಳು, ಅದು ಬೇರೆಯವರ ಕೈ ಎಂಬಂತೆ. ಆಮೇಲೆ ಗೋಡೆಯಗುಂಟ ಏಳು ಕಡೆ ತಿರುಗಿದ ಪೈಪಿನ ಮೇಲೆ ಒಮ್ಮೆ ಕಣ್ಣಾಡಿಸಿದಳು.

“ಮೀನಽ ದೇವರ ತಂಬಗಿಯೊಳಗ ಹೊಕ್ಕ ಮ್ಯಾಲ ಪೈಪಿಗೆ ಎಂಥಾ ಮೈಲಿಗಿ? ದೇವರ ಮನಿ ಗ್ವಾಡಿಗುಂಟ ಸೀದಾ ಹಾಕ್ರಿ. ಮತ್ತ, ಹೋಗೋ ಪೈಪ ಬರೋದಕ್ಕಿಂತ ದೊಡ್ಡದಿರಲಿ. ಉಣಕಲ್ ಕೆರಿ ಕೋಡಿ ಮ್ಯಾಲ ದಿನಾ ಕುಂಡರ್ತೀರಿ, ನೋಡಿಲ್ಲೇನ?”

ನೋಡಿದ್ದೆ. ಕೂತಿದ್ದೆ. ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಕಲ್ಲಿನ ಮೇಲೆ ಮೂರು ವರ್ಷ ಕೂತು ಕಡಲೆ ತಿಂದಿದ್ದೆ. ಹೊಲಕ್ಕೆ ನೀರು ಬಿಡುವ ತೂಬನ್ನು ಕೆರೆ ಕಟ್ಟಿದವರು ಅಳೆದು ಚಿಕ್ಕದಾಗಿ ಮಾಡುತ್ತಿದ್ದರು. ಕೋಡಿಯನ್ನು ಮಾತ್ರ ಇಡೀ ಓಣಿಯೇ ಸಾಲಾಗಿ ಕೂಡುವಷ್ಟು ಅಗಲ ಬಿಡುತ್ತಿದ್ದರು. ಬರುವ ನೀರು ಎಷ್ಟೆಂದು ಅವರಿಗೆ ತಿಳಿದಿರಲಿಲ್ಲ. ಎಷ್ಟು ಬಂದರೂ ಹೋಗಲು ದಾರಿ ಇರಬೇಕೆಂದು ತಿಳಿದಿತ್ತು. ನನಗೆ ಗಡಿಯಾರವಿತ್ತು, ಇದು ತಿಳಿದಿರಲಿಲ್ಲ.

ಮರುದಿನ ತಗಡಿನ ತೂತನ್ನು ದೊಡ್ಡದು ಮಾಡಿ ಒಂದೂವರೆ ಇಂಚಿನ ಪೈಪು ಇಳಿಬಿಟ್ಟೆವು. ಬರುವ ಒಂದಿಂಚಿನ ಪೈಪು ದೇವರ ಮನೆಯ ಗೋಡೆಗುಂಟ ನೆಟ್ಟಗೆ ಬಂತು. ಏಳು ಎಲ್ಬೊ ಇದ್ದಲ್ಲಿ ಎರಡು. ಬಕೆಟ್ಟು ಇಪ್ಪತ್ತಮೂರು ಸೆಕೆಂಡಿಗೆ ತುಂಬಿತು. ಮೂರನೆಯ ದಿನ ಪೆಟ್ಟಿಗೆಯ ಆಚೆ ನಿಂತ ಶಾಂತವ್ವನ ಮೂಗುತಿ ನೀರಿನ ಮೂಲಕ ಕಾಣುವಷ್ಟು ತಿಳಿಯಾಯಿತು. ಇನ್ಸ್‌ಪೆಕ್ಟರು ತಾವಾಗಿಯೇ ಮತ್ತೊಮ್ಮೆ ಬಂದು, ಚಹಾ ಕುಡಿದು, ತಮ್ಮ ಮನೆಗೂ ಒಂದು ಪೆಟ್ಟಿಗೆ ಮಾಡಿಸಬಹುದೇ ಎಂದು ಮಾಬೂಸಾಬನನ್ನು ಕೇಳಿ ಹೋದರು. ಮಾಬೂಸಾಬ ಈಗ ಹೋದಲ್ಲೆಲ್ಲ, “ಪಂಪಿನ ಬಾಯಿ ನೋಡಬ್ಯಾಡ್ರಿ, ಹೋಗೋ ದೂರ ನೋಡ್ರಿ” ಎಂದು ಹೇಳುತ್ತಾನಂತೆ, ತನಗೆ ಹುಟ್ಟಿನಿಂದಲೇ ಗೊತ್ತಿತ್ತು ಎಂಬ ಧಾಟಿಯಲ್ಲಿ. ಹೇಳಲಿ. ನನ್ನ ನೋಟ್‌ಬುಕ್ಕಿನಲ್ಲಿ ನಿಜ ಇದೆ.

ಆ ಬೇಸಿಗೆ ಕಳೆದು, ಮುಂದಿನದೂ ಕಳೆಯಿತು. ಡಿಸೋಜಾನಿಗೆ ಒಂದು ಕಾರ್ಡು ಬರೆದೆ: “ಒಂಬತ್ತು ಇವೆ. ಬಂದು ಎಣಿಸು.” ಬಂದ. ಎಣಿಸಿದ. ಆಮೇಲೆ, ಇಂಜಿನ್ನನ್ನು ಮುಟ್ಟಿ ನೋಡುವಂತೆ, ಪೈಪಿನ ಉದ್ದಕ್ಕೂ ಅಂಗೈ ಆಡಿಸಿದ.

ಪ್ರತಿ ರವಿವಾರ ಎಂಟಕ್ಕೆ ನಮ್ಮಲ್ಲಿ ಬಕೆಟ್ಟಿನ ಪರೀಕ್ಷೆ ನಡೆಯುತ್ತದೆ. ಗಡಿಯಾರ ಈಗ ಶಾಂತವ್ವನ ಕೈಯಲ್ಲಿರುತ್ತದೆ, ಬಕೆಟ್ಟು ನನ್ನ ಕೈಯಲ್ಲಿ. ಹೋದ ರವಿವಾರ ಇಪ್ಪತ್ತೈದಾಯಿತು.

“ಗಾರ್ಡ್ ಸಾಹೇಬ್ರ, ಎರಡು ಸೆಕೆಂಡ ಲೇಟು” ಎಂದು ಅವಳು ನೋಟ್‌ಬುಕ್ಕು ಮುಂದೆ ಹಿಡಿದಳು. “ಕಾರಣ ಬರೀರಿ.”

ನಿಯಮ ಎಂದರೆ ನಿಯಮ. ಪೈಪು ನೋಡಿದೆ, ಪಂಪು ನೋಡಿದೆ, ಎಲ್ಲವೂ ಸರಿಯಾಗಿತ್ತು. ಆಮೇಲೆ ಪ್ರಾಮಾಣಿಕವಾಗಿ ಬರೆದೆ: “ಬಕೆಟ್ಟು ಎತ್ತುವವನ ಸೊಂಟ. ಲೈನಿನದೇನೂ ತಪ್ಪಿಲ್ಲ.”