ಕಪ್ಪು ಚುಕ್ಕಿಗಳ ಹಿಂದಿನ ಹೆಸರು

ಪುಟ್ಟಿ, ಚಿನ್ನು, ಆ ದಿನ ನೀವಿಬ್ಬರೂ ನನ್ನ ಪಕ್ಕದಲ್ಲೇ ಇದ್ದಿರಿ. ನಿಮಗೆ ನೆನಪಿರಲಿಕ್ಕಿಲ್ಲ. ಪುಟ್ಟಿಗೆ ಮಂಗನಬಾವು ಬಂದು ಎರಡು ಕೆನ್ನೆಯೂ ಊದಿಕೊಂಡಿತ್ತು. ಚಿನ್ನು ಇನ್ನೂ ನನ್ನ ಸೆರಗು ಹಿಡಿದೇ ಓಡಾಡುತ್ತಿದ್ದ. ಕೂರಿಸಿಕೊಂಡು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀವು ಯಾರ ಹತ್ತಿರ ಬೆಳೆಯಬೇಕು ಎಂದು ನಿಮ್ಮ ಅಪ್ಪ ಅಮ್ಮನ ನಡುವೆ ಕೇಸು ನಡೆಯುತ್ತಿತ್ತು. ಕೋರ್ಟು ಇದ್ದದ್ದು ನಿಮ್ಮ ಅಪ್ಪನ ಊರಿನಲ್ಲಿ. ಅಮ್ಮ ಕೆಲಸಕ್ಕೆ ಹೋದರೆ ಮಕ್ಕಳು ಏನೂ ತಿಳಿಯದ ಹಳ್ಳಿ ಹೆಂಗಸಿನ ಕೈಯಲ್ಲಿರುತ್ತಾರೆ, ಕಷ್ಟದ ಹೊತ್ತು ಬಂದರೆ ಆಕೆಯಿಂದ ಏನೂ ಆಗುವುದಿಲ್ಲ ಎಂದು ನಿಮ್ಮ ಅಪ್ಪನ ಕಡೆಯ ವಕೀಲರು ಬರೆದುಕೊಟ್ಟಿದ್ದರು. ಆ ಹೆಂಗಸು ನಾನು, ನಿಮ್ಮ ಅಜ್ಜಿ. ಕೇಳಿ ನನಗೆ ಸಿಟ್ಟು ಬರಲಿಲ್ಲ. ಅದು ನಿಜವೇ ಇರಬಹುದೆಂದು ಹೆದರಿಕೆಯಾಯಿತು.

ಜಡ್ಜ್ ಸಾಹೇಬರು ಮಕ್ಕಳನ್ನು ನೋಡಿ ಮಾತಾಡಿಸಬೇಕು ಎಂದಿದ್ದರು. ಪುಟ್ಟಿಯನ್ನು ಆ ಸ್ಥಿತಿಯಲ್ಲಿ ಬಸ್ಸು ಹತ್ತಿಸುವಂತಿರಲಿಲ್ಲ. ಹನುಮಂತನಗರದ ನಮ್ಮ ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ ಸಾಕೆಂದು ಒಪ್ಪಿದರು. ಕಿಟಕಿಯ ಹತ್ತಿರ ಒಂದು ಬಿಳಿ ಪೆಟ್ಟಿಗೆ ಇತ್ತಲ್ಲ, ಸಿಮ್ ಹಾಕುವ ಮೋಡೆಮ್, ಅದಕ್ಕೆ ನಿಮ್ಮ ಅಮ್ಮ ಹೊಸ ಕಂಪನಿಯ ಸಿಮ್ ಹಾಕಿದಳು. ಬೆಳಗಾದರೆ ತಾನಾಗಿಯೇ ಶುರುವಾಗುತ್ತದೆ ಎಂದು ಹೇಳಿ ಕೋರ್ಟಿಗೆ ಹೊರಟಳು.

ಬೆಳಗಾಯಿತು. ನಿಮ್ಮ ಗಂಜಿಯೂ ಆಯಿತು. ಪೆಟ್ಟಿಗೆಯ ದೀಪ ಕೆಂಪಾಗಿಯೇ ಉಳಿಯಿತು.

ನನ್ನ ಬಟನ್ ಫೋನಿಗೆ ನಿಮ್ಮ ಅಮ್ಮ ಕೋರ್ಟಿನ ಮೊಗಸಾಲೆಯಿಂದ ಕರೆ ಮಾಡಿದಳು.

"ಅಮ್ಮ, ಊಟಕ್ಕೆ ಮುಂಚೆನೇ ನಮ್ಮನ್ನ ಕರೀತಾರಂತೆ. ದೀಪ ನೀಲಿ ಆಯ್ತಾ?"

"ಇಲ್ಲ ಕಣೇ. ಕೆಂಪೇ ಇದೆ. ಕೆಳಗಿನ ಮನೆಯವ್ರನ್ನ ಕರೀಲಾ?"

"ಅವ್ರು ಬೀಗ ಹಾಕ್ಕೊಂಡು ಹೋಗಿದ್ದಾರಲ್ಲಮ್ಮ. ನೀನೇ ಮಾಡ್ಬೇಕು. ಎಪಿಎನ್ ಅಂತ ಒಂದು ಪದ ಹಾಕ್ಬೇಕು, ಅಷ್ಟೇ."

ಹೊಸ ಸಿಮ್ಮು ಯಾವ ದಾರಿಯಲ್ಲಿ ಇಂಟರ್‌ನೆಟ್ ಸೇರಬೇಕೆಂದು ಮೋಡೆಮಿಗೆ ತಿಳಿಸುವ ಪದವಂತೆ ಅದು. ಅವಳು ಹೇಳಿದ ಅಕ್ಷರಗಳನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಅವಳು ಹೇಳಿದ ಅಂಕಿಗಳನ್ನು ಒಂದು ಬೆರಳಿನಲ್ಲಿ ಒತ್ತಿದೆ. ಮೋಡೆಮಿನ ಪುಟ ತೆರೆಯಿತು. ಪಾಸ್‌ವರ್ಡ್ ಕೇಳಿತು.

"ಪಾಸ್‌ವರ್ಡ್ ಅಪ್ಪನ ಹೆಸ್ರು. ಅವ್ರೇ ಇಟ್ಟಿದ್ದು. ಇಂಗ್ಲಿಷಲ್ಲಿ ಹಾಕು."

"ಅವ್ರ ಹೆಸ್ರಾ?" ಎಂದೆ. ನಿಮ್ಮ ತಾತನ ಹೆಸರನ್ನು ನಾನು ಒಮ್ಮೆಯೂ ಬಾಯಲ್ಲಿ ಅಂದವಳಲ್ಲ, ಬರೆದವಳೂ ಅಲ್ಲ. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಮದುವೆಗೆ ಮುಂಚೆಯೇ ನನ್ನ ಅಜ್ಜಿ ಹೇಳಿಕೊಟ್ಟಿದ್ದರು. ನಿಮ್ಮ ತಾತ ಹೋಗಿ ವರ್ಷಗಳಾಗಿದ್ದವು. ಕಡಿಮೆಯಾಗಲು ಇನ್ನು ಯಾವ ಆಯಸ್ಸೂ ಉಳಿದಿರಲಿಲ್ಲ. ಆದರೂ ಬೆರಳು ಮುಂದಕ್ಕೆ ಹೋಗಲಿಲ್ಲ.

"ನಾಚ್ಕೊಳ್ಳೋಕೆ ಇವತ್ತೇ ಸಿಕ್ತಾ ನಿಂಗೆ? ಅಮ್ಮ, ಮಕ್ಕಳು ಹೋಗ್ಬಿಡ್ತಾರೆ!" ಅವಳು ಪಿಸುಗುಟ್ಟಿದಳೋ ಅತ್ತಳೋ ತಿಳಿಯಲಿಲ್ಲ.

ಕರೆಂಟ್ ಬಿಲ್ಲಿನಲ್ಲಿ ಅವರ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಫೈಲಿನಿಂದ ಒಂದು ಬಿಲ್ಲು ತೆಗೆದು ಮುಂದಿಟ್ಟುಕೊಂಡೆ. ಒಂದೊಂದೇ ಅಕ್ಷರ ಒತ್ತಿದೆ. ಒತ್ತಿದ್ದೆಲ್ಲ ಕಪ್ಪು ಚುಕ್ಕಿಯಾಯಿತು. ಆ ಯಂತ್ರವೂ ಅವರ ಹೆಸರನ್ನು ಹೊರಗೆ ಹಾಕುತ್ತಿಲ್ಲ ಎಂದು ಒಂದು ಕ್ಷಣ ಧೈರ್ಯ ಬಂತು. ಆಮೇಲೆ ಕೆಂಪು ಸಾಲು ಮೂಡಿತು.

"ತಪ್ಪು ಅಂತಿದೆ ಕಣೇ."

"ಇನ್ನೊಂದ್ಸಲ ತಪ್ಪಾದ್ರೆ ಲಾಕ್ ಆಗತ್ತೇನೋ. ಪಕ್ಕದಲ್ಲಿ ಕಣ್ಣಿನ ಗುರುತು ಇದ್ಯಲ್ಲ, ಅದನ್ನ ಒತ್ತಿ ನೋಡ್ಕೊಂಡು ಹಾಕು. ಅಯ್ಯೋ, ಕರೀತಿದ್ದಾರೆ, ಇಡ್ತೀನಿ."

ಫೋನು ಸುಮ್ಮನಾಯಿತು. ಪುಟ್ಟಿ ಅರಿಸಿನ ಹಚ್ಚಿದ ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಮತ್ತೆ ಒತ್ತಿದೆ. ಈ ಸಲ ಎಲ್ಲೂ ತಪ್ಪಬಾರದೆಂದು ಪ್ರತಿ ಅಕ್ಷರವನ್ನೂ ಬಾಯಲ್ಲಿ ಅಂದುಕೊಂಡೆ. ಕೊನೆಗೆ ಆ ಕಣ್ಣನ್ನು ಒತ್ತಿದೆ. ಚುಕ್ಕಿಗಳೆಲ್ಲ ಸರಿದು ಅವರ ಹೆಸರು ಎದುರಿಗೆ ನಿಂತಿತು. ಬೆರಳು ಕೊನೆಯಲ್ಲಿ ಒಂದು ಅಕ್ಷರವನ್ನು ಎರಡು ಸಲ ಒತ್ತಿತ್ತು. ಒಂದನ್ನು ಅಳಿಸಿದೆ. ಅವರ ಹೆಸರಿನಿಂದ ಅಕ್ಷರ ಅಳಿಸುವಾಗ, ಅದು ತಪ್ಪಿ ಬಿದ್ದ ಅಕ್ಷರವೆಂದು ಗೊತ್ತಿದ್ದೂ, ಎದೆ ಹಿಂಡಿತು.

ಪುಟ ಒಳಗೆ ಬಿಟ್ಟಿತು. ಎಪಿಎನ್ ಎಂದು ಬರೆದಿದ್ದ ಜಾಗದಲ್ಲಿ ಹಳೆಯ ಪದ ಅಳಿಸಿ ಕ್ಯಾಲೆಂಡರಿನ ಪದ ಹಾಕಿದೆ. ಸೇವ್ ಒತ್ತಿದೆ. ದೀಪ ಪೂರ್ತಿ ಆರಿಹೋಯಿತು. ನಾನೇ ಕೆಡಿಸಿದೆ, ಮಕ್ಕಳನ್ನು ನನ್ನ ಕೈಯಾರೆ ಕಳೆದೆ ಎಂದು ಕಣ್ಣು ಮುಚ್ಚಿಕೊಂಡೆ.

"ಅಜ್ಜಿ, ನೀಲಿ," ಎಂದಳು ಪುಟ್ಟಿ.

ನಿಮ್ಮ ಅಮ್ಮ ತೆರೆದಿಟ್ಟಿದ್ದ ಕೋರ್ಟಿನ ಪುಟದಲ್ಲಿ ಗುಂಡಿ ಒತ್ತಿದೆ. ಕಪ್ಪು ಕೋಟಿನವರು ಕಾಣಿಸಿದರು, ಹಿಂದೆ ನಿಮ್ಮ ಅಮ್ಮನ ಮುಖವೂ. ಜಡ್ಜ್ ಸಾಹೇಬರು ನಿಮ್ಮನ್ನು ಊಟ, ಶಾಲೆ, ಕೆನ್ನೆ ನೋವು ಎಂದೆಲ್ಲ ಕೇಳಿದರು. ಕೊನೆಗೆ ಅಪ್ಪನ ಕಡೆಯ ವಕೀಲರು ಕೇಳಿದರು: "ಇದನ್ನೆಲ್ಲ ಯಾರಮ್ಮ ಹಾಕ್ಕೊಟ್ಟಿದ್ದು? ಮನೇಲಿ ಇನ್ಯಾರಿದ್ದಾರೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿಯೇ ಹೇಳಿದಳು: "ಯಾರೂ ಇಲ್ಲ ಅಂಕಲ್. ನಮ್ಮಜ್ಜಿ ತಾತನ ಹೆಸ್ರು ಒತ್ತಿದ್ರು, ಬಂತು."

ಜಡ್ಜ್ ಸಾಹೇಬರು ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ತೀರ್ಪು ಬರುವವರೆಗೂ ಪ್ರತಿ ರಾತ್ರಿ ನಿಮ್ಮ ಹಾಸಿಗೆ ತಡವಿ ನೋಡುತ್ತಿದ್ದೆ. ನೀವು ಅಮ್ಮನ ಹತ್ತಿರವೇ ಇರಬೇಕೆಂದು ಆದೇಶವಾದ ಮೇಲೂ ಆ ಅಭ್ಯಾಸ ಬೇಗ ಹೋಗಲಿಲ್ಲ.

ಮಕ್ಕಳೇ, ಇಲ್ಲಿಯೂ ನಾನು ನಿಮ್ಮ ತಾತನ ಹೆಸರು ಬರೆದಿಲ್ಲ. ಆ ಒಂದು ದಿನಕ್ಕೇ ಸಾಕಾಯಿತು. ಈ ಹಾಳೆಗಳನ್ನು ಕರೆಂಟ್ ಬಿಲ್ಲಿನ ಫೈಲಿನೊಳಗೇ ಜೋಪಾನವಾಗಿಡಿ. ಅಲ್ಲಿ ಅವರ ಹೆಸರಿದೆ.