ಅಕ್ಕನ ತಲೆಯ ಮೇಲಿನ ತೂತು

ಪೀಣ್ಯದ ಶೆಡ್ಡುಗಳಿಗೆ ವೈರಿಂಗ್ ಮಾಡುತ್ತಿದ್ದ ಆ ಕಾಲದಲ್ಲಿ ವೈರಿನ ಪೈಪಿಗಾಗಿ ಬೀಮು ಕೊರೆಯುವ ಪಾಠವನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಬೀಮಿನ ಎತ್ತರವನ್ನು ಮೂರು ಪಾಲು ಮಾಡಬೇಕು, ನಡುವಿನ ಪಾಲಿನಲ್ಲಷ್ಟೇ ತೂತು. ಕಂಬದ ಹತ್ತಿರ ಸುಳಿಯಲೇಬಾರದು. ಒಳಗಿನ ಕಬ್ಬಿಣದ ಕಂಬಿ ತಗುಲಿದರೆ ನಿಲ್ಲಿಸಿ ಎಂಜಿನಿಯರನ್ನು ಕೇಳಬೇಕು. ಎಲ್ಲಕ್ಕಿಂತ ಒಳ್ಳೆಯದೆಂದರೆ ಕಾಂಕ್ರೀಟ್ ಬೀಳುವ ಮೊದಲೇ ಪೈಪಿನ ತುಂಡು ಇಟ್ಟು, ಕೊರೆಯುವ ಗೋಜೇ ಇಲ್ಲದಂತೆ ಮಾಡುವುದು. ಇಷ್ಟೆಲ್ಲ ಗೊತ್ತಿದ್ದ ಮಹಾನುಭಾವ ನಾನು.

ಅಲ್ಲೊಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯ ತಾರಸಿಗೆ ಮೋಲ್ಡ್ ಹಾಕಿದ ಶುಕ್ರವಾರ ರಾಹುಕಾಲ ಹತ್ತೂವರೆಗೆ. ಅದಕ್ಕೆ ಮೊದಲೇ ಕಾಂಕ್ರೀಟ್ ಬೀಳಬೇಕೆಂದು ಮಾಲೀಕರ ಹಟ. ಮೇಸ್ತ್ರಿ ಪೂಜೆ ಮಾಡಿಸಿ, ಕುಂಬಳಕಾಯಿ ಒಡೆಸಿ, ನನಗೆ ಕಾಯದೆ ಸುರಿಸಿಬಿಟ್ಟ. ಪೈಪಿನ ತುಂಡುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ನಾನು ಬರುವಷ್ಟರಲ್ಲಿ ಬೀಮು ತುಂಬಿತ್ತು, ಮೊದಲ ತಂಡ ಪೊಂಗಲ್ ತಿನ್ನುತ್ತಿತ್ತು. ನನಗೂ ಒಂದು ಎಲೆ ಕೊಟ್ಟರು. ತಿಂದೆ.

ಎರಡು ತಿಂಗಳ ಮೇಲೆ, ಕರೆಂಟ್ ಆಫೀಸಿನವರು ಪರೀಕ್ಷೆಗೆ ಬರುವ ಹಿಂದಿನ ದಿನ, ಕೊರೆಯಲು ಏಣಿ ಹತ್ತಿದೆ. ಕಾರ್ಖಾನೆಯ ಸೂಪರ್‌ವೈಸರ್ ಪ್ಯಾನೆಲ್ ಬೋರ್ಡನ್ನು ಕಂಬಕ್ಕೇ ಕೂರಿಸಿದ್ದ. ಪೈಪು ಅಲ್ಲಿಗೇ ನೆಟ್ಟಗೆ ಹೋಗಬೇಕಂತೆ. ಡ್ರಿಲ್ ಅರ್ಧ ಇಳಿಯುತ್ತಲೇ ಕಂಬಿಗೆ ತಗುಲಿ ಕಿರ್ರೆಂದಿತು. ಕಂಬದ ಬಳಿ ಓರೆಯಾಗಿ ಮೇಲೇರುವ ಕಂಬಿ ಅದು. ಬೀಮು ಅಲ್ಲಿ ಬಿರುಕು ಬಿಡದಂತೆ ಹಿಡಿದಿಡುವುದೇ ಅದು. ಇಳಿದು ಬಂದು, ಇದನ್ನು ಕತ್ತರಿಸಬಾರದು, ಎಂಜಿನಿಯರಿಗೆ ಹೇಳಿ ಕಳಿಸೋಣ ಅಂದೆ. ಸೂಪರ್‌ವೈಸರ್ ಸಿಡುಕಲೂ ಇಲ್ಲ.

"ನಿಮ್ಮಕ್ಕನಿಗೆ ಕಾಯಿಲ್ ಸುತ್ತೋ ಕೆಲ್ಸ ಕೇಳಿದ್ಯಲ್ಲಪ್ಪ. ನಾಳೆ ಲೈನ್ ಪಾಸಾದ್ರೆ ಸೋಮವಾರದಿಂದ ಬರ್ಲಿ" ಅಂದ.

ಅಕ್ಕ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು ವರ್ಷವಾಗಿತ್ತು. ನನ್ನ ಹೆಂಡತಿಯ ಕೈಯಿಂದ ಕಾಫಿ ಇಸಿದುಕೊಳ್ಳುವಾಗಲೂ ತಲೆ ತಗ್ಗಿಸುತ್ತಿದ್ದಳು. ಅದನ್ನು ನೋಡಿ ನನಗೆ ಸಾಕಾಗಿತ್ತು. ಮತ್ತೆ ಏಣಿ ಹತ್ತಿದೆ. ಉಳಿಯಿಟ್ಟು ಹೊಡೆದು ಕಂಬಿ ತುಂಡು ಮಾಡಿದೆ, ಪೈಪು ತೂರಿಸಿ ಸುತ್ತ ಸಿಮೆಂಟು ಮೆತ್ತಿದೆ.

ಅಕ್ಕ ಕೆಲಸಕ್ಕೆ ಸೇರಿದಳು. ಅವಳ ಸ್ಟೂಲು ಸರಿಯಾಗಿ ಆ ಬೀಮಿನ ಕೆಳಗೇ ಬಂತು. ಎರಡು ವರ್ಷದಲ್ಲಿ ದಾಸರಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡು ಬೇರೆ ಹೋದಳು, ತಲೆಯೆತ್ತಿ ಮಾತಾಡತೊಡಗಿದಳು.

ಮೂರನೇ ವರ್ಷ ತೂತಿನ ಬದಿಯಿಂದ ಓರೆಯಾಗಿ ಕೂದಲೆಳೆಯಂಥ ಬಿರುಕು ಹೊರಟಿತು. ಮಾಲೀಕರ ಎದುರು ಎಲ್ಲ ಒಪ್ಪಿಕೊಂಡೆ. ಅವರು ಬೀಮಿಗೆ ಸುಣ್ಣ ಹೊಡೆಸಿದರು, ನನ್ನನ್ನು ಕೆಲಸಕ್ಕೆ ಕರೆಯುವುದನ್ನು ಬಿಟ್ಟರು. ಅಕ್ಕನಿಗೂ ಒಂದೂ ಬಿಡದೆ ಹೇಳಿ, ಸ್ಟೂಲು ಸರಿಸು, ಇಲ್ಲ ಕೆಲಸವೇ ಬಿಡು ಎಂದು ಗೋಗರೆದೆ. ಜಾಗ ಬದಲಿಸಲು ಅವಳೂ ಕೇಳಿ ನೋಡಿದ್ದಳಂತೆ, ಕೊಡಲಿಲ್ಲವಂತೆ.

"ಬಿಟ್ಟು ಏನ್ ಮಾಡ್ಲೋ? ಮತ್ತೆ ಬಂದು ನಿನ್ ಹೆಂಡ್ತಿ ಕೈ ಕಾಯ್ಲಾ? ಬಿದ್ರೆ ಬೀಳ್ಲಿ ಬಿಡು" ಅಂದಳು. ಕೋಪದಿಂದ ಅಂದಿದ್ದರೆ ಚೆನ್ನಾಗಿತ್ತು.

ಪಾಠ ಹೇಳುವುದನ್ನು ಅಂದಿಗೆ ನಿಲ್ಲಿಸಿದೆ. ಸಂಜೆ ಸೈರನ್ ಕೂಗುವ ಹೊತ್ತಿಗೆ ಎಲ್ಲಿದ್ದರೂ ಸೈಕಲ್ ತುಳಿದು ಆ ಗೇಟಿನ ಎದುರು ಬಂದು ನಿಲ್ಲುತ್ತಿದ್ದೆ. ಹೆಂಗಸರ ಗುಂಪಿನಲ್ಲಿ ಅಕ್ಕನ ಮುಖ ಕಂಡರೆ ಸಾಕು, ಮಾತಾಡಿಸದೆ ಹಿಂದಿರುಗುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಅವಳು ಮತ್ತೆ ಆ ಬೀಮಿನ ಕೆಳಗೇ ಕೂರುತ್ತಿದ್ದಳು.