ಛಾಪಿಸಿದ ಸಹಿ ಬ್ಯಾಡ

ಹೋದ ತಿಂಗಳು ಬೀದರಿನ ನನ್ನ ಟೇಲರಿಂಗ್ ಅಂಗಡಿಯಲ್ಲಿ ಹಳೆಯ ಮಶಿನ್ನೊಂದು ಕೈಕೊಟ್ಟಿತು. ರಿಪೇರಿಯವನು ಬಂದು ತಳದ ತಗಡು ಬಿಚ್ಚಿ ಎಣ್ಣೆ ಬಿಟ್ಟ. ಕಾದ ಕಬ್ಬಿಣ, ಮಶಿನ್ ಎಣ್ಣೆ, ಒಳಗೆ ಸಿಕ್ಕಿಕೊಂಡ ನೂಲಿನ ದೂಳು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಭಾಲ್ಕಿಯಲ್ಲಿದ್ದೆ. ನಮ್ಮ ಓಣಿಯ ತುದಿಯ ಮನೆ, ಆ ಮನೆಯ ಪಡಸಾಲೆ, ಅಲ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂತ ಖಾಲಾ.

ಮುಸ್ಲಿಮರ ಮನೆಗಳಲ್ಲಿ ತಾಯಿಯ ಅಕ್ಕತಂಗಿಯರನ್ನು ಖಾಲಾ ಎನ್ನುತ್ತಾರೆ. ನಾವು ಲಿಂಗಾಯತರು, ಆದರೂ ಅವರು ಓಣಿಗೆಲ್ಲ ಖಾಲಾನೇ. ಗಂಡ ಹೈದರಾಬಾದಿಗೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದರು. ಖಾಲಾ ಹುಡುಕಿಕೊಂಡೂ ಹೋಗಲಿಲ್ಲ, ತವರಿಗೂ ಮರಳಲಿಲ್ಲ. ಪಡಸಾಲೆಯಲ್ಲಿ ಮಶಿನ್ ಹಾಕಿಕೊಂಡು ಹುಡುಗಿಯರಿಗೆ ಹೊಲಿಗೆ ಕಲಿಸತೊಡಗಿದರು. ಪಿಯುಸಿ ಮುಗಿದು, ಮುಂದೆ ಓದಿಸುವುದೋ ಮದುವೆ ಮಾಡುವುದೋ ಎಂದು ಮನೆಯವರು ಲೆಕ್ಕ ಹಾಕುತ್ತಿದ್ದ ದಿನಗಳಲ್ಲಿ ನನ್ನನ್ನೂ ಅಲ್ಲಿಗೆ ಕಳಿಸಿದರು.

ಮೊದಲ ದಿನ ನಾನು ಹೊಲಿಗೆ ನೋಡಲೇ ಇಲ್ಲ, ಗೋಡೆ ನೋಡುತ್ತ ಕೂತೆ. ಗೋಡೆಯ ತುಂಬ ಫೋಟೊಗಳು. ಸಿನಿಮಾದವರು, ಹಾಡುಗಾರರು, ಒಬ್ಬ ಕುಸ್ತಿ ಪೈಲ್ವಾನ, ಇಬ್ಬರು ಕ್ರಿಕೆಟ್ ಆಟಗಾರರು. ಎಲ್ಲದರ ಮೇಲೂ ಸಹಿ. ಎಲ್ಲವೂ ಅಂಚೆಯಲ್ಲಿ ಬಂದವು. ಸಿನಿಮಾ ಪತ್ರಿಕೆಗಳಲ್ಲಿ ವಿಳಾಸ ಹುಡುಕಿ ಖಾಲಾ ಪತ್ರ ಬರೆಯುತ್ತಿದ್ದರು. ಒಳಗೊಂದು ಖಾಲಿ ಲಕೋಟೆ, ಅದಕ್ಕೆ ಸ್ಟಾಂಪು ಹಚ್ಚಿ ತಮ್ಮ ವಿಳಾಸ ಬರೆದು ಇಡುತ್ತಿದ್ದರು. ಮುಂಬೈಯವರಿಗೆ ಉರ್ದುವಿನಲ್ಲಿ ತಾವೇ ಬರೆಯುತ್ತಿದ್ದರು. ಕನ್ನಡದವರಿಗಾದರೆ ಅವರು ಹೇಳಿದ್ದನ್ನು ನಮ್ಮಲ್ಲಿ ಯಾರಾದರೂ ಬರೆಯಬೇಕು.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಖಾಲಾ ಮಶಿನ್ ನಿಲ್ಲಿಸದೆಯೇ ಉತ್ತರ ಕೊಡುತ್ತಿದ್ದರು. "ಅವರ ಪಿಕ್ಚರ್ ನೋಡಿ ನಕ್ಕೀನಿ, ಅತ್ತೀನಿ. ಒಂದು ಸಹಿ ಕೇಳ್ಲಿಕ್ಕಿ ನನಗ ಹಕ್ಕಿಲ್ಲೇನು?"

ನಾನು ಮೊದಲ ಸಲ ಅವರಿಗಾಗಿ ಪತ್ರ ಬರೆದಾಗ, ಚೆನ್ನಾಗಿರಲಿ ಎಂದು "ಈ ಬಡ ಅಭಿಮಾನಿಯ ಮೇಲೆ ಕೃಪೆ ಇಟ್ಟು" ಎಂದು ನಾನಾಗಿಯೇ ಸೇರಿಸಿದ್ದೆ. ಖಾಲಾ ಓದಿಸಿ ಕೇಳಿದರು. ಅಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಬಡ ಅಂತ ಯಾಕ ಬರದಿ? ಅವರೇನ್ ನಿನಗ ರೊಟ್ಟಿ ಹಾಕ್ಲತ್ತಾರೇನು? ಅದು ಹೊಡದು ಹಾಕು. ಬೇಡಬ್ಯಾಡ. ಕೇಳು."

ಆ ಪತ್ರ ಹೋದದ್ದು ಒಬ್ಬ ಹೀರೋನಿಗೆ. ಆಗ ಅವನ ಸಿನಿಮಾ ಬಂತೆಂದರೆ ಭಾಲ್ಕಿಯ ಟಾಕೀಸಿನ ಮುಂದೆ ಲಾಠಿ ಬೀಸಬೇಕಾಗುತ್ತಿತ್ತು. ಉತ್ತರ ಬೇಗನೆ ಬಂತು. ನಾವೆಲ್ಲ ಮಶಿನ್ ಬಿಟ್ಟು ಸುತ್ತ ನಿಂತೆವು. ಖಾಲಾ ಫೋಟೊವನ್ನು ಬೆಳಕಿಗೆ ಹಿಡಿದರು, ತಿರುಗಿಸಿ ಹಿಂಬದಿ ಸವರಿದರು, ಬೆರಳಿಗೆ ಉಗುಳು ಹಚ್ಚಿಕೊಂಡು ಸಹಿಯ ಮೇಲೆ ಉಜ್ಜಿದರು. ಶಾಯಿ ಕದಲಲಿಲ್ಲ. ಫೋಟೊದ ಜೊತೆಗೇ ಅಚ್ಚಾದ ಸಹಿ ಅದು.

ಇರಲಿ ಬಿಡ್ರಿ ಖಾಲಾ, ಅಷ್ಟು ದೊಡ್ಡವನು ಫೋಟೊ ಕಳಿಸಿದ್ದೇ ಹೆಚ್ಚು ಎಂದೆವು. ಅವರು ಕೇಳಲಿಲ್ಲ. ನನ್ನ ಕೈಗೆ ಪೆನ್ನು ಕೊಟ್ಟರು. "ಬರಿ. ಛಾಪಿಸಿದ ಸಹಿ ಬ್ಯಾಡ. ಅದು ಬಜಾರದಾಗ ಸಿಗತದ. ನಿಮ್ಮ ಕೈಲೆ ಹಾಕಿ ಕಳಸ್ರಿ. ಆಗಲ್ಲಂದ್ರ ಆಗಲ್ಲ ಅಂತ ಬರೀರಿ." ಫೋಟೊವನ್ನೂ ಅದರ ಜೊತೆಗೇ ವಾಪಸ್ ಕಳಿಸಿಬಿಟ್ಟರು. ನಮಗೆಲ್ಲ ಹೊಟ್ಟೆ ಉರಿಯಿತು. ನಮಗಾದರೂ ಕೊಡಬಾರದಿತ್ತೇ...

ಮಳೆಗಾಲ ಕಳೆದ ಮೇಲೆ ಆ ಫೋಟೊ ತಿರುಗಿ ಬಂತು. ಅಚ್ಚಿನ ಸಹಿಯ ಮೇಲೆಯೇ ಅಡ್ಡಡ್ಡ ಪೆನ್ನಿನಿಂದ ಇನ್ನೊಂದು ಸಹಿ. ಎಷ್ಟು ಒತ್ತಿ ಹಾಕಿದ್ದನೆಂದರೆ ಹಿಂಬದಿಗೆ ಗೀರು ಎದ್ದಿತ್ತು. ಬೇರೆ ಒಂದಕ್ಷರ ಬರೆದಿರಲಿಲ್ಲ. ಖಾಲಾ ಆ ಗೀರಿನ ಮೇಲೆ ಬೆರಳಾಡಿಸಿದರು.

"ಸಿಟ್ಟಿಲೆ ಹಾಕ್ಯಾನ," ಎಂದರು. ಆಮೇಲೆ ನಕ್ಕರು. "ಹಾಕ್ಯಾನಲ್ಲ."

ಆ ನಗು ನನಗೆ ಹತ್ತಿಕೊಂಡಿತು. ನಾನೂ ಒಂದು ಪತ್ರ ಬರೆದೆ, ಇನ್ನೊಬ್ಬ ನಟನಿಗೆ. ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ಮಾತು. ಅವನ ಸಿನಿಮಾದಲ್ಲಿ ನನಗೆ ಸೇರಿದ್ದನ್ನೂ ಸೇರದ್ದನ್ನೂ ಬರೆದು, ಸಹಿ ಕೇಳಿದೆ. ನಮ್ಮ ಮನೆಯ ವಿಳಾಸವನ್ನೇ ಕೊಟ್ಟೆ. ಮುಚ್ಚಿಡಬೇಕೆಂದು ಅನ್ನಿಸಿರಲೇ ಇಲ್ಲ.

ಉತ್ತರ ಬಂದಾಗ ಬಾಗಿಲಲ್ಲಿ ದೊಡ್ಡಪ್ಪ ಇದ್ದರು. ಬೀದರಿನ ಗಾಂಧಿ ಗಂಜಿನಲ್ಲಿ ರೈತರ ದವಸ ಮಾರಿಸಿಕೊಡುವ ಅಡತಿ ಅಂಗಡಿ ಅವರದು, ಮನೆಯಲ್ಲಿ ಅವರ ಮಾತೇ ಮಾತು. ಲಕೋಟೆ ಒಡೆದರು. ಒಳಗಿದ್ದ ಫೋಟೊದ ಮೇಲೆ ಪೆನ್ನಿನಲ್ಲಿ ನನ್ನ ಹೆಸರು, ಹೆಸರಿಗೆ ಮೊದಲು "ಪ್ರೀತಿಯ" ಎಂಬ ಒಂದು ಪದ. ದೊಡ್ಡಪ್ಪ ಆ ಪದವನ್ನೇ ಹಿಡಿದುಕೊಂಡರು. ಲಗ್ನಕ್ಕೆ ಬಂದ ಹುಡುಗಿಗೆ ಪರಗಂಡಸು ಹೀಗೆ ಬರೆಯುವುದೆಂದರೆ ಏನು ಎಂದು ಮನೆ ನಡುಗುವಂತೆ ಕೂಗಿದರು. ಫೋಟೊ ನನ್ನ ಕಣ್ಣೆದುರೇ ಚೂರಾಯಿತು. ಅದರ ಮೇಲಿನ ನನ್ನ ಹೆಸರನ್ನು ನಾನು ಸರಿಯಾಗಿ ನೋಡಿದ್ದು ಒಂದು ಕ್ಷಣವೂ ಇಲ್ಲ...

ಆ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವರು ಖಾಲಾನ ಮನೆಗೆ ಹೋದರು. ನಾನು ಹಿಂದೆಯೇ ಓಡಿದೆ. ಓಣಿ ಜಮಾಯಿಸಿತು. "ನೋಡ್ರಿ ಬಾಯಿ, ನಮ್ಮ ಹೆಣ್ಣುಮಕ್ಕಳನ್ನ ಕೆಡಸ್ಲತ್ತೀರಿ," ಎಂದರು ದೊಡ್ಡಪ್ಪ. ಖಾಲಾ ಎದ್ದು ಬಾಗಿಲಿಗೆ ಬಂದರು. ದನಿ ಏರಿಸಲಿಲ್ಲ.

"ಲಕೋಟಿ ಮ್ಯಾಲ ಯಾರ ಹೆಸರಿತ್ತರಿ?"

ದೊಡ್ಡಪ್ಪ ಮುಷ್ಟಿಯಲ್ಲಿದ್ದ ಚೂರುಗಳನ್ನು ಹೊಸ್ತಿಲ ಮೇಲೆ ಎಸೆದರು.

"ಅಕಿ ಹೆಸರಿತ್ತು. ನೀವು ಒಡದ್ರಿ. ಕೆಡಸಿದವರು ಯಾರು ಅಂತ ಮನಿಗಿ ಹೋಗಿ ವಿಚಾರ ಮಾಡ್ರಿ."

ಮರುದಿನದಿಂದ ಹುಡುಗಿಯರು ಹೊಲಿಗೆಗೆ ಹೋಗುವುದು ನಿಂತಿತು. ದೊಡ್ಡಪ್ಪ ಮನೆಮನೆಗೆ ಹೇಳಿ ಬಂದಿದ್ದರು. ಆ ಹುಡುಗಿಯರ ಫೀಸೇ ಖಾಲಾನ ಜೀವನ. ಅವರು ಮಾತ್ರ ಯಾರ ಮನೆಗೂ ಹೋಗಿ ಕೇಳಿಕೊಳ್ಳಲಿಲ್ಲ. ಮಶಿನ್ನನ್ನು ಪಡಸಾಲೆಯಿಂದ ಹೊರಗಿನ ಕಟ್ಟೆಗೆ ತಂದು ಹಾಕಿದರು. ಒಳಗಿನ ಫೋಟೊಗಳನ್ನೆಲ್ಲ ಬಿಚ್ಚಿ ತಂದು ಬೀದಿಯ ಕಡೆಗಿನ ಗೋಡೆಗೆ ತೂಗುಹಾಕಿದರು. ಹೋಗುವವರು ಬರುವವರು ನೋಡಲಿ ಎಂದು ಅದರ ಕೆಳಗೆ ಕೂತು ಹೊಲಿದರು. ನಾನು ನಮ್ಮ ಮಾಳಿಗೆಯಿಂದ ನೋಡುತ್ತಿದ್ದೆ. ನನ್ನನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ.

ಅಷ್ಟರಲ್ಲಿ ಔರಾದ ತಾಲ್ಲೂಕಿನ ಡಾಬಕಾದಿಂದ ನನ್ನನ್ನು ನೋಡಲು ಬಂದರು. ಹೊಲಮನೆ ಇದ್ದವರು, ಒಳ್ಳೆಯ ಜನವೆಂದೇ ಹೆಸರು. ಚಹಾ ಕೊಟ್ಟು ಕೂತೆ. ಹುಡುಗ ತಲೆ ತಗ್ಗಿಸಿಕೊಂಡಿದ್ದ. ಮಾತಾಡಿದ್ದೆಲ್ಲ ಅವನ ಸೋದರಮಾವ.

"ಎಲ್ಲಾ ಬರೋಬರ್ ಅದರಿ. ಆದರ ಹುಡುಗಿ ಸಿನಿಮಾದವರಿಗಿ ಪತ್ರ ಬರಿತಾಳಂತ ಕೇಳಿದಿವಿ."

ದೊಡ್ಡಪ್ಪ ನಗಲು ನೋಡಿದರು. "ಹುಡುಗಬುದ್ಧಿರಿ. ತಪ್ಪಾಗ್ಯದ ಅಂತ ಅಕಿನೇ ಒಪ್ಪ್ಯಾಳ. ಇನ್ನ ಬರಿಯಂಗಿಲ್ಲ."

ನಾನು ಒಪ್ಪಿರಲಿಲ್ಲ. ಯಾರೂ ನನ್ನನ್ನು ಕೇಳಿರಲೂ ಇಲ್ಲ. ಮಡಿಲಲ್ಲಿದ್ದ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ. "ಬರದಿದ್ದು ಖರೆ ಅದರಿ," ಎಂದೆ. "ತಪ್ಪು ಅಂತ ಒಪ್ಪಿಲ್ಲ. ಮತ್ತ ಬರಿತೇನಿ."

ಹುಡುಗ ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ. ಅವರು ಎದ್ದು ಹೋದರು.

ಜೀಪಿನ ಸದ್ದು ಓಣಿ ದಾಟಿದ ಮೇಲೆ ದೊಡ್ಡಪ್ಪ ಕೈ ಎತ್ತಿಕೊಂಡು ಬಂದರು. ಅಪ್ಪ ಕಂಬಕ್ಕೆ ಒರಗಿ ನಿಂತೇ ಇದ್ದ. ನಡುವೆ ಬಂದವಳು ಅವ್ವ. ಭಾವನ ಎದುರು ಅಷ್ಟು ವರ್ಷ ಒಂದು ಮಾತು ಆಡದವಳು. "ಕೈ ಮುಟ್ಟಿಸಬ್ಯಾಡ್ರಿ. ನನ್ನ ಮಗಳು ಸುಳ್ಳು ಹೇಳಿಲ್ಲ," ಎಂದಳು. ದೊಡ್ಡಪ್ಪನ ಕೈ ಕೆಳಗಿಳಿಯಿತು. ಆ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಟ್ರಂಕಿನಿಂದ ಒಂದು ಖಣ ತೆಗೆದು ನನ್ನ ಕೈಗೆ ಕೊಟ್ಟಳು. ಖಾಲಾನ ಹತ್ತಿರ ಜಂಪರ್ ಹೊಲಿಸಿಕೊಂಡು ಬಾ ಎಂದಳು. ಎಲ್ಲರೂ ನೋಡುತ್ತಿದ್ದಂತೆ ನಾನು ಓಣಿಯ ಉದ್ದಕ್ಕೂ ನಡೆದು ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಖಾಲಾ ಬಟ್ಟೆ ಕತ್ತರಿಸುತ್ತಲೇ ಕೇಳಿದರು.

"ಹೆದರಿಕಿ ಬಂದಿತ್ತೇನು?"

"ಬಂದಿತ್ತರಿ. ಕೈ ನಡಗ್ಲತ್ತಿದ್ದವು."

"ಈಗ?"

"ಈಗನೂ."

"ನಡಗಲಿ. ಹಂಗೇ ಈ ಕಾಜಾ ಹಾಕು, ನೋಡಮಿ," ಎಂದು ಗುಂಡಿಯ ತೂತು ಹೊಲಿಯಬೇಕಿದ್ದ ಒಂದು ಅಂಗಿಯನ್ನು ನನ್ನ ತೊಡೆಯ ಮೇಲೆ ಹಾಕಿದರು. ಹೊಲಿಗೆ ಸೊಟ್ಟಗಾಯಿತು. ಬಿಚ್ಚಿಸಿ ಮತ್ತೆ ಹಾಕಿಸಿದರು.

ಆ ನಟನಿಗೆ ನಾನು ಮತ್ತೆ ಬರೆದೆ, ಅದೇ ಮನೆಯ ವಿಳಾಸ ಕೊಟ್ಟು. ಉತ್ತರ ಬರಲಿಲ್ಲ. ಬಾರದಿದ್ದರೂ ಬರೆದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಕಟ್ಟೆಗೆ ಬರತೊಡಗಿದರು. ಮೊದಲಿನಷ್ಟು ಎಂದೂ ಆಗಲಿಲ್ಲ. ಕೆಲವು ಮನೆಗಳವರು ಕೊನೆಯವರೆಗೂ ಖಾಲಾನ ಜೊತೆ ಮಾತು ಬಿಟ್ಟೇ ಇದ್ದರು, ಖಾಲಾ ಕೂಡ ಅವರನ್ನು ಮಾತಾಡಿಸಲಿಲ್ಲ. ನಾನು ಬೀದರಿಗೆ ಬಂದೆ, ಅಂಗಡಿ ಇಟ್ಟೆ, ನನಗೆ ಬೇಕೆನಿಸಿದಾಗ, ಬೇಕಾದವನನ್ನು ಮದುವೆಯಾದೆ. ಭಾಲ್ಕಿಗೆ ಹೋದಾಗಲೆಲ್ಲ ಆ ಕಟ್ಟೆಗೆ ಹೋಗಿ ಕೂತು ಬರುತ್ತಿದ್ದೆ. ಆಮೇಲಾಮೇಲೆ ಹೋಗುವುದು ಕಡಿಮೆಯಾಯಿತು. ಅಂಗಡಿ, ಮಕ್ಕಳು...

ಖಾಲಾ ತೀರಿಕೊಂಡ ಸುದ್ದಿ ತಲುಪಿದ್ದು ಮಣ್ಣಾದ ಮೇಲೆ. ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಮನೆ ಈಗ ಅವರ ತಮ್ಮನ ಮಗನದು. ಗೋಡೆಗೆ ಸುಣ್ಣ ಬಳಿದಾಗಿತ್ತು. ಫೋಟೊ ಎಲ್ಲಿ ಎಂದು ಕೇಳಿದೆ, ಹುಳ ಹಿಡಿದಿದ್ದವು, ರದ್ದಿಗೆ ಹಾಕಿದೆವು ಎಂದರು. ಪಡಸಾಲೆಯಲ್ಲಿ ಕೂತಿದ್ದ ಬಗದಲ್ ಊರಿನ ಮುದುಕಿಯೊಬ್ಬಳು, ಅವರ ಸಂಬಂಧಿಕಳೇ, ನಿಟ್ಟುಸಿರು ಬಿಟ್ಟಳು. "ಪಾಪ, ಒಳ್ಳೆ ಮನಷ್ಯಾಳು. ಸಿನಿಮಾದವರ ಹುಚ್ಚೊಂದು ಇತ್ತು ನೋಡು."

ಸಾವಿನ ಮನೆ, ಸುಮ್ಮನಿರಬಹುದಿತ್ತು. ಇರಲಿಲ್ಲ.

"ಹುಚ್ಚಲ್ಲರಿ," ಎಂದೆ. "ಯಾರ ಮುಂದನೂ ತಲಿ ತಗ್ಗಸದೆ ಕೇಳ್ತಿದ್ದರು. ನಮಗೂ ಅದೇ ಕಲಿಸ್ಯಾರ."

ಎಲ್ಲರೂ ನನ್ನನ್ನು ನೋಡಿದರು. ಮುದುಕಿ ಮುಖ ತಿರುಗಿಸಿಕೊಂಡಳು. ಇನ್ನೊಬ್ಬಾಕೆ ಚಹಾ ತಂದು ಕೊಟ್ಟಳು, ಕುಡಿದು ಎದ್ದು ಬಂದೆ.

ಬೀದರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಊರು ದಾಟುವವರೆಗೆ ಗಟ್ಟಿಯಾಗಿಯೇ ಇದ್ದೆ, ಆಮೇಲೆ ಅತ್ತೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಯಾರು ತೀರಿಕೊಂಡರು ಎಂದು ಕೇಳಿದಳು. ನಮ್ಮ ಖಾಲಾ ಎಂದೆ. ಅವಳು ನನ್ನ ಹಣೆಯ ವಿಭೂತಿ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಹೇಗೆ ಸಂಬಂಧ ಎಂದು ವಿವರಿಸಲು ನಾನು ಹೋಗಲಿಲ್ಲ. "ನಮ್ಮ ಖಾಲಾ," ಎಂದು ಇನ್ನೊಮ್ಮೆ, ಇನ್ನಷ್ಟು ಗಟ್ಟಿಯಾಗಿ ಹೇಳಿದೆ.